ಷೇರು, ಸೈಟು, ಪಿಎಫ್: ಝಕಾತ್ ಯಾವುದಕ್ಕೆ, ಎಷ್ಟು?

ಪ್ರಶ್ನೆ: ಅಸ್ಸಲಾಮು ಅಲೈಕುಂ ಸರ್. ನಾನು ಹುಬ್ಬಳ್ಳಿಯವನು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮದು ಹನಫಿ ಮದ್‌ಹಬ್ (ಧರ್ಮಶಾಸ್ತ್ರದ ಪಂಥ) ಹಿಡಿದ ಮನೆ. ಹೆಂಡತಿ ಮಂಗಳೂರು ಕಡೆಯ ಬ್ಯಾರಿ, ಅವರದು ಶಾಫಿಈ. ವರ್ಷಕ್ಕೊಮ್ಮೆ ಆಸ್ತಿಯಲ್ಲಿ ಬಡವರ ಪಾಲು ತೆಗೆದು ಕೊಡುವ ಝಕಾತ್ ಲೆಕ್ಕ ಅಪ್ಪನ ಕಾಲದಲ್ಲಿ ಅರ್ಧ ಗಂಟೆಯ ಕೆಲಸ. ಅಂಗಡಿ ಸಾಮಾನು, ಗಲ್ಲಾದ ದುಡ್ಡು, ಅಮ್ಮನ ಬಂಗಾರ, ಮುಗೀತು. ನನ್ನ ಪಟ್ಟಿ ಹೀಗಿದೆ. ಬ್ಯಾಂಕಿನಲ್ಲಿ 2,40,000 (ಅದರಲ್ಲಿ ಬಡ್ಡಿ 6,000). ವರ್ಷಗಟ್ಟಲೆ ಇಟ್ಟುಕೊಂಡ ಷೇರು 6 ಲಕ್ಷ. ಆಗಾಗ ಕೊಂಡು ಮಾರುವ ಷೇರು 80,000. ಶರೀಅತ್ ಪ್ರಕಾರ ನಡೆಯುವ ಮ್ಯೂಚುವಲ್ ಫಂಡ್ 4 ಲಕ್ಷ. ಪಿಎಫ್ 11 ಲಕ್ಷ. ಪಿಪಿಎಫ್‌ಗೆ ನಾನು ಕಟ್ಟಿದ್ದು 90,000. ಸರ್ಕಾರದ ಗೋಲ್ಡ್ ಬಾಂಡ್ 1,20,000. ಬಿಟ್‌ಕಾಯಿನ್ 40,000. ಕಂಪನಿ ನೌಕರರಿಗೆ ಕೊಡುವ ಷೇರು (ಆರ್‌ಎಸ್‌ಯು) ಇನ್ನೂ ನನ್ನ ಹೆಸರಿಗೆ ಬಂದಿಲ್ಲ. 2018ರಲ್ಲಿ ನೆಲಮಂಗಲದ ಹತ್ತಿರ ಒಂದು 30-40 ಸೈಟು ತಗೊಂಡೆ. ಫ್ಲ್ಯಾಟಿನ ಸಾಲ ಇದೆ, ತಿಂಗಳ ಕಂತು 24,000, ಅದರಲ್ಲಿ ಅಸಲು 14,000. ಹೆಂಡತಿಯ ಹತ್ತಿರ 20 ಪವನ್ ಒಡವೆ ಇದೆ. ಇದರ ಜೊತೆ ‘ಹಲಾಲ್ ಲಾಭ’ ಅಂದ ಒಂದು ಕಂಪನಿಯಲ್ಲಿ 3 ಲಕ್ಷ ಮುಳುಗಿತು. ಹೋದ ವರ್ಷ ಅದರಲ್ಲಿ 40,000 ವಾಪಸ್ ಬಂದು ಬ್ಯಾಂಕಿನಲ್ಲಿದೆ. ಒಬ್ಬರು ಎಲ್ಲದಕ್ಕೂ ಕೊಡು ಅಂತಾರೆ. ಇನ್ನೊಬ್ಬರು ಷೇರಿಗೆ ಝಕಾತೇ ಇಲ್ಲ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ವ ಅಲೈಕುಮುಸ್ಸಲಾಂ. ಪಟ್ಟಿ ಇಷ್ಟು ಬಿಡಿಸಿ ಕೊಟ್ಟಿದ್ದಕ್ಕೇ ಅರ್ಧ ಕೆಲಸ ಆಯ್ತು. ಹೆಚ್ಚಿನವರು ‘ಸರ್, ಸುಮಾರು 20 ಲಕ್ಷ ಇದೆ, ಎಷ್ಟು ಕೊಡ್ಲಿ’ ಅಂತ ಒಂದೇ ಸಾಲಿನಲ್ಲಿ ಕೇಳುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ಮುಫ್ತಿ (ಫತ್ವಾ ಕೊಡುವ ಪಂಡಿತ) ಅಲ್ಲ. ಪ್ರತಿ ರಮಝಾನಿನಲ್ಲಿ ಜನರ ಕಾಗದಪತ್ರ ಹರಡಿಕೊಂಡು ಲೆಕ್ಕ ಮಾಡಿಕೊಡುವವನು. ಉಲಮಾಗಳ (ಧರ್ಮಪಂಡಿತರ) ಅಭಿಪ್ರಾಯ ಬೇರೆ ಬೇರೆ ಇರುವ ಕಡೆ ಹಾಗೆಂದು ಹೇಳುತ್ತೇನೆ, ನನಗೆ ಯಾವುದು ಸರಿ ಅನ್ನಿಸುತ್ತದೆ ಅನ್ನುವುದನ್ನೂ ಹೇಳುತ್ತೇನೆ.

ಒಂದು ಹಳೆಯ ಪ್ರಸಂಗದಿಂದ ಶುರು ಮಾಡೋಣ. ಹಮ್ಮಾಸ್ ಎಂಬ ವ್ಯಾಪಾರಿ ಚರ್ಮವನ್ನೂ ಬಾಣದ ಬತ್ತಳಿಕೆಗಳನ್ನೂ ಮಾರುತ್ತಿದ್ದ. ಖಲೀಫ ಉಮರ್ (ರ) ಅವನಿಗೆ ಝಕಾತ್ ಕೊಡು ಎಂದರು. ‘ನನ್ನ ಹತ್ತಿರ ಇರೋದು ಬರೀ ಚರ್ಮ, ಬತ್ತಳಿಕೆ’ ಎಂದ ಅವನು. ದುಡ್ಡಿಲ್ಲ, ಬಂಗಾರವಿಲ್ಲ, ಯಾವುದಕ್ಕೆ ಝಕಾತ್ ಅನ್ನುವುದು ಅವನ ತರ್ಕ. ‘ಅದಕ್ಕೆ ಬೆಲೆ ಕಟ್ಟು, ಆಮೇಲೆ ಝಕಾತ್ ಕೊಡು’ ಎಂದರಂತೆ ಉಮರ್. ಈ ವರದಿಯ ಸನದಿನ (ಹೇಳಿದವರ ಸರಪಳಿಯ) ಬಗ್ಗೆ ಕೆಲವು ಹದೀಸ್ ಪಂಡಿತರಿಗೆ ತಕರಾರಿದೆ. ಆದರೆ ಮಾರಾಟದ ಮಾಲಿಗೆ ಝಕಾತ್ ಇದೆ ಅನ್ನುವುದರಲ್ಲಿ ನಾಲ್ಕೂ ಮದ್‌ಹಬ್‌ಗಳದ್ದು ಒಂದೇ ಮಾತು. ಅಷ್ಟೇ ಒಮ್ಮತ ಇನ್ನೊಂದರಲ್ಲೂ ಇದೆ. ಚರ್ಮ ಕತ್ತರಿಸುವ ಚಾಕು, ಹೊಲಿಯುವ ಸೂಜಿ, ಅವನು ಕೂತ ಅಂಗಡಿಯ ಗೋಡೆ, ಇವಕ್ಕೆ ಝಕಾತ್ ಇಲ್ಲ.

ನಿಮ್ಮ ಪಟ್ಟಿಯ ಪ್ರತಿ ಸಾಲಿಗೂ ಇದೇ ಪ್ರಶ್ನೆ ಹಾಕಿ. ಇದು ಚರ್ಮವೋ, ಚಾಕುವೋ?

ನಿಸಾಬ್, ಅಂದರೆ ಝಕಾತ್ ಬೀಳಲು ಬೇಕಾದ ಕನಿಷ್ಠ ಆಸ್ತಿ, ಅದರ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಕಡೆ ಬಳಕೆಯಲ್ಲಿರುವ ಲೆಕ್ಕ ಬಂಗಾರಕ್ಕೆ ಏಳೂವರೆ ತೊಲ, ಅಂದರೆ 87.48 ಗ್ರಾಂ. ಬೆಳ್ಳಿಗೆ ಐವತ್ತೆರಡೂವರೆ ತೊಲ, ಅಂದರೆ 612.36 ಗ್ರಾಂ. ದುಡ್ಡು, ಮಾಲು, ಬಂಗಾರ ಎಲ್ಲಾ ಸೇರಿಕೊಂಡಿರುವಾಗ ಹನಫಿ ಉಲಮಾಗಳು ಬೆಳ್ಳಿಯ ಅಳತೆ ಹಿಡಿಯುತ್ತಾರೆ, ಬಡವರಿಗೆ ಅದರಿಂದ ಲಾಭ ಅಂತ. ಗೋಲ್ಡ್ ಬಾಂಡ್ ಒಂದೇ ಬಂಗಾರದ ನಿಸಾಬ್ ಮುಟ್ಟುವುದಿಲ್ಲ ಅಂತ ನೀವು ಹೇಳಬಹುದು. ಹನಫಿಗಳಲ್ಲಿ ಅದು ಉಳಿದದ್ದರ ಜೊತೆ ಸೇರಿಕೊಳ್ಳುತ್ತದೆ. ನಿಮ್ಮ ಬ್ಯಾಂಕಿನ ದುಡ್ಡೊಂದೇ ಸಾಕು ನಿಸಾಬ್ ದಾಟಲು. ದಾಟಿದ ಮೇಲೆ ನಲವತ್ತರಲ್ಲಿ ಒಂದು ಪಾಲು, ಶೇ. 2.5.

ಈಗ ನಿಮ್ಮನ್ನು ಗೊಂದಲಕ್ಕೆ ಹಾಕಿದ ಷೇರಿಗೆ ಬರೋಣ. ಒಂದು ಷೇರು ಅಂದರೆ ಹಮ್ಮಾಸನ ಅಂಗಡಿಯ ಒಂದು ಚೂರು. ಅದರಲ್ಲಿ ಚರ್ಮವೂ ಇದೆ, ಚಾಕುವೂ ಇದೆ, ಗೋಡೆಯೂ ಇದೆ. ಹಾಗಾದರೆ ಯಾವುದಕ್ಕೆ ಕೊಡಬೇಕು? ಈಜಿಪ್ಟಿನ ಅಬೂ ಝಹ್ರಾ ಅವರಂಥವರು ಷೇರು ಅಂದರೇನೇ ಕೊಂಡು ಮಾರುವ ಮಾಲು, ಪೂರ್ತಿ ಬೆಲೆಗೆ ಕೊಡಿ ಎಂದರು. 1988ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಖ್ಹ್ (ಧರ್ಮಶಾಸ್ತ್ರ) ಅಕಾಡೆಮಿ ಉದ್ದೇಶ ನೋಡಿ ಎಂದಿತು. ಮಾರಲೆಂದೇ ಕೊಂಡಿದ್ದರೆ ಪೂರ್ತಿ ಮಾರುಕಟ್ಟೆ ಬೆಲೆಗೆ ಝಕಾತ್. ಡಿವಿಡೆಂಡಿಗಾಗಿ ಇಟ್ಟುಕೊಂಡಿದ್ದರೆ, ಕಂಪನಿಯ ಲೆಕ್ಕದಿಂದ ನಿಮ್ಮ ಪಾಲಿನ ಝಕಾತ್ ಎಷ್ಟು ಅಂತ ತಿಳಿದು ಕೊಡಿ. ತಿಳಿಯಲು ಸಾಧ್ಯವೇ ಇಲ್ಲದಿದ್ದರೆ ಡಿವಿಡೆಂಡಿಗೆ ಕೊಡಿ. ಈ ಕೊನೆಯ ಮಾತನ್ನೇ ಹಿಡಿದುಕೊಂಡು ‘ಷೇರಿಗೆ ಝಕಾತ್ ಇಲ್ಲ, ಡಿವಿಡೆಂಡಿಗೆ ಮಾತ್ರ’ ಅನ್ನುವವರಿದ್ದಾರೆ. ಅದು ಅರ್ಧ ಓದಿ ಪುಸ್ತಕ ಮುಚ್ಚಿದ ಹಾಗೆ. 2001ರಲ್ಲಿ ಕುವೈತಿನಲ್ಲಿ ಅದೇ ಅಕಾಡೆಮಿ ಮತ್ತೆ ಕೂತು, ಕಂಪನಿಯ ಹತ್ತಿರ ನಗದು, ಮಾಲು, ಬರಬೇಕಾದ ಬಾಕಿ ಇದ್ದರೆ ಗೊತ್ತಾಗದವರೂ ಅಂದಾಜು ಮಾಡಿ ಕೊಡಬೇಕು ಎಂದಿತು. ಪಾಕಿಸ್ತಾನದ ಮುಫ್ತಿ ತಖೀ ಉಸ್ಮಾನಿಯವರದ್ದೂ ಹೆಚ್ಚುಕಡಿಮೆ ಇದೇ ದಾರಿ. ಮಾರಲು ಕೊಂಡಿದ್ದಕ್ಕೆ ಪೂರ್ತಿ, ಇಟ್ಟುಕೊಂಡಿದ್ದಕ್ಕೆ ಝಕಾತ್ ಬೀಳುವ ಆಸ್ತಿಯಷ್ಟಕ್ಕೆ, ಲೆಕ್ಕ ಸಿಗದಿದ್ದರೆ ಹುಷಾರಿಗೆ ಪೂರ್ತಿ.

ಲೆಕ್ಕ ಮಾಡೋದು ಹೇಗೆ? ಕಂಪನಿಯ ಬ್ಯಾಲೆನ್ಸ್ ಶೀಟ್ ತೆರೆಯಿರಿ. ಚಾಲ್ತಿ ಆಸ್ತಿ ಅನ್ನುವ ತಲೆಬರಹದ ಕೆಳಗೆ ನಗದು, ಗಿರಾಕಿಗಳಿಂದ ಬರಬೇಕಾದ ಬಾಕಿ, ಕಚ್ಚಾ ಮಾಲು, ತಯಾರಾದ ಮಾಲು ಇರುತ್ತವೆ. ಇವು ಚರ್ಮ. ಕಟ್ಟಡ, ಯಂತ್ರ, ಕಂಪ್ಯೂಟರು, ಲಾರಿ, ಇವು ಚಾಕು. ಒಂದು ಊಹೆಯ ಕಂಪನಿ ತಗೊಳ್ಳೋಣ. ಅದರ ಒಟ್ಟು ಷೇರು 10 ಕೋಟಿ. ‘ಚರ್ಮ’ದ ಮೊತ್ತ 900 ಕೋಟಿ ರೂಪಾಯಿ. ಅಂದರೆ ಒಂದು ಷೇರಿಗೆ 90 ರೂಪಾಯಿ. ಮಾರುಕಟ್ಟೆಯಲ್ಲಿ ಷೇರಿನ ಬೆಲೆ 400. ನಿಮ್ಮ ಹತ್ತಿರ 500 ಷೇರು ಇದ್ದರೆ 45,000 ರೂಪಾಯಿಗೆ ಝಕಾತ್, ಅಂದರೆ 1,125. ಅದೇ 500 ಷೇರನ್ನು ಮುಂದಿನ ತಿಂಗಳು ಮಾರೋಣ ಅಂತ ಕೊಂಡಿದ್ದರೆ 2 ಲಕ್ಷಕ್ಕೆ ಝಕಾತ್, ಅಂದರೆ 5,000. ಷೇರು ಅದೇ, ಬೆಲೆ ಅದೇ. ವ್ಯತ್ಯಾಸ ಬಂದಿದ್ದು ಕೊಂಡ ದಿನ ನಿಮ್ಮ ಮನಸ್ಸಿನಲ್ಲಿ ಏನಿತ್ತು ಅನ್ನುವುದರಿಂದ.

ಇಲ್ಲಿ ಒಂದು ತಮಾಷೆ ಇದೆ. ಸಾಫ್ಟ್‌ವೇರ್ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ನಗದು, ಬಾಕಿ, ಇಂಥದ್ದೇ ಜಾಸ್ತಿ. ಸಿಮೆಂಟ್ ಕಂಪನಿಯ ಪುಸ್ತಕದಲ್ಲಿ ಗೂಡು, ಯಂತ್ರ, ಜಮೀನು ಜಾಸ್ತಿ. ಹಾಗಂತ ಸಾಫ್ಟ್‌ವೇರ್ ಷೇರಿಗೆ ಪೂರ್ತಿ ಬೆಲೆಗೆ ಕೊಡಬೇಕಾ? ಇಲ್ಲ. ಅಂಥ ಷೇರಿನ ಮಾರುಕಟ್ಟೆ ಬೆಲೆ ಪುಸ್ತಕದ ಬೆಲೆಗಿಂತ ಎಷ್ಟೋ ಪಟ್ಟು ಇರುತ್ತದೆ. ಆ ಮೇಲಿನ ಭಾಗ ಕಂಪನಿಯ ಹೆಸರಿಗೆ, ಮುಂದಿನ ಲಾಭದ ನಿರೀಕ್ಷೆಗೆ ಜನ ಕೊಡುವ ದುಡ್ಡು. ಅದು ಚರ್ಮವೂ ಅಲ್ಲ. ಹಾಗಾಗಿ ಎಷ್ಟು ಕೋಟಿ ನಗದು ಅಂತ ನೋಡಿ ಗಾಬರಿ ಬೀಳಬೇಡಿ, ಒಂದು ಷೇರಿಗೆ ಎಷ್ಟು ಬಂತು ಅಂತ ಭಾಗಿಸಿ.

ಇಪ್ಪತ್ತು ಮೂವತ್ತು ಕಂಪನಿಗಳ ಷೇರು ಇರುವವರು ಎಲ್ಲಾ ಬ್ಯಾಲೆನ್ಸ್ ಶೀಟ್ ಓದುವುದು ಆಗದ ಮಾತು. ಅಂಥವರಿಗೆ ಮಾರುಕಟ್ಟೆ ಬೆಲೆಯ ಶೇ. 25ನ್ನು ಝಕಾತಿಗೆ ಒಳಪಡುವ ಭಾಗ ಅಂತ ಹಿಡಿಯುವ ಅಂದಾಜೊಂದು ಕೆಲವು ಝಕಾತ್ ಸಂಸ್ಥೆಗಳಲ್ಲಿ ಬಳಕೆಯಲ್ಲಿದೆ. ಇದು ಶರೀಅತ್ತಿನ ಅಂಕಿ ಅಲ್ಲ, ಅನುಕೂಲದ ಅಂಕಿ. ನಿಮ್ಮ 6 ಲಕ್ಷಕ್ಕೆ ಇದನ್ನೇ ಹಾಕಿ 1,50,000 ಅಂತ ಹಿಡಿಯುತ್ತೇನೆ. ಕೊಂಡು ಮಾರುವ 80,000 ಮಾತ್ರ ಪೂರ್ತಿ ಬರುತ್ತದೆ. ಎರಡನ್ನೂ ಒಂದೇ ಡಿಮ್ಯಾಟಿನಲ್ಲಿ (ಷೇರು ಖಾತೆಯಲ್ಲಿ) ಕಲಸಿ ಇಟ್ಟಿದ್ದರೆ ಬೇರೆ ಮಾಡಿ. ಅಕೌಂಟಿನ ಪುಟದಲ್ಲಿ ಎಲ್ಲಾ ಒಂದೇ ಥರ ಕಾಣುತ್ತವೆ, ವರ್ಷ ಕಳೆದ ಮೇಲೆ ಯಾವುದನ್ನು ಯಾಕೆ ಕೊಂಡೆ ಅಂತ ನಿಮಗೇ ನೆನಪಿರುವುದಿಲ್ಲ.

ಮ್ಯೂಚುವಲ್ ಫಂಡ್‌ನದ್ದೂ ಇದೇ ದಾರಿ. ಟಾಟಾ ಎಥಿಕಲ್ ಫಂಡ್, ನಿಪ್ಪಾನ್ ಇಂಡಿಯಾದ ನಿಫ್ಟಿ 50 ಶರೀಅ ಬೀಸ್ ಥರದವು ಒಳಗೆ ಷೇರುಗಳನ್ನೇ ಇಟ್ಟುಕೊಂಡಿರುತ್ತವೆ. ಸಿಪ್ (ತಿಂಗಳ ಕಂತು) ಹಾಕಿ ಹತ್ತು ವರ್ಷ ಬಿಡುವವರು ಷೇರನ್ನು ಇಟ್ಟುಕೊಂಡವರ ಹಾಗೆಯೇ. 4 ಲಕ್ಷಕ್ಕೆ 1 ಲಕ್ಷ ಹಿಡಿಯೋಣ. ಜನ ಮಾಡುವ ಒಂದು ತಪ್ಪು ಹೇಳಬೇಕು. ಫಂಡಿಗೆ ‘ಶರೀಅ’ ಹೆಸರು ಇದ್ದರೆ ಅವರೇ ಝಕಾತ್ ಕಟ್ಟಿರುತ್ತಾರೆ ಅಂದುಕೊಳ್ಳುವುದು. ಇಲ್ಲ. ಶರಾಬು, ಬಡ್ಡಿ ವ್ಯವಹಾರದ ಕಂಪನಿಗಳನ್ನು ಹೊರಗಿಡುವುದಷ್ಟೇ ಅವರ ಕೆಲಸ. ನಿಮ್ಮ ಝಕಾತ್ ನಿಮ್ಮದೇ.

ಬ್ಯಾಂಕಿನ 2,40,000ದಲ್ಲಿ 6,000 ಬಡ್ಡಿ ಅಂದಿರಿ. ಅದು ಝಕಾತಿನ ಲೆಕ್ಕಕ್ಕೇ ಬರುವುದಿಲ್ಲ. ಪೂರ್ತಿ 6,000ವನ್ನೂ ಪುಣ್ಯದ ಆಸೆ ಇಲ್ಲದೆ ಬಡವರಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಕು. ಉಳಿದ 2,34,000ಕ್ಕೆ ಝಕಾತ್.

ಗೋಲ್ಡ್ ಬಾಂಡ್ ಬಂಗಾರದ ಬೆಲೆಗೇ ಕಟ್ಟಿದ ಹೂಡಿಕೆ. ಇವತ್ತಿನ ಬೆಲೆಗೆ ಪೂರ್ತಿ ಸೇರಿಸಿ. ಈ ಬಾಂಡಿಗೆ ಸರ್ಕಾರ ವರ್ಷಕ್ಕೆ ಶೇ. 2.5 ಬಡ್ಡಿ ಕೊಡುತ್ತದಲ್ಲ, ಒಬ್ಬರು ನನ್ನ ಹತ್ತಿರ ಬಂದು, ‘ಝಕಾತೂ ಎರಡೂವರೆ, ಬಡ್ಡಿಯೂ ಎರಡೂವರೆ, ಅದನ್ನು ಹಾಗೇ ದಾಟಿಸಿಬಿಟ್ಟರೆ ಸರಿಹೋಯ್ತು ಅಲ್ವಾ?’ ಅಂದರು. ಅವರ ಮುಖದಲ್ಲಿ ಇದ್ದ ಖುಷಿ ನೋಡಿ ಇಲ್ಲ ಅನ್ನಲು ನನಗೇ ಬೇಜಾರಾಯಿತು. ಬಡ್ಡಿ ನಿಮ್ಮ ಆಸ್ತಿಯೇ ಅಲ್ಲ ಅಂದ ಮೇಲೆ ಅದರಿಂದ ನಿಮ್ಮ ಝಕಾತ್ ತೀರುವುದು ಹೇಗೆ? ಆ ಬಡ್ಡಿಯದ್ದೂ 6,000ದ ದಾರಿಯೇ.

ಬಿಟ್‌ಕಾಯಿನ್ ಇಟ್ಟುಕೊಳ್ಳುವುದು ಸರಿಯೇ ಅನ್ನುವುದರಲ್ಲೇ ಉಲಮಾಗಳ ನಡುವೆ ಜಗಳ ಮುಗಿದಿಲ್ಲ. ಇಟ್ಟುಕೊಂಡಿದ್ದೀರಿ, ಬೆಲೆ ಏರಿದಾಗ ಮಾರಲೆಂದೇ ಕೊಂಡಿದ್ದೀರಿ. 40,000 ಪೂರ್ತಿ ಸೇರಿಸಿ, ಮುಂದೆ ಹೋಗೋಣ. ಆರ್‌ಎಸ್‌ಯು ನಿಮ್ಮ ಹೆಸರಿಗೆ ಬರುವವರೆಗೆ ನಿಮ್ಮದಲ್ಲ. ಬಂದ ಮೇಲೆ ಮೇಲಿನ ಷೇರಿನ ನಿಯಮವೇ.

ಪಿಎಫ್ ಬಗ್ಗೆ ಪ್ರತಿ ವರ್ಷ ಅತಿ ಹೆಚ್ಚು ಫೋನ್ ಬರುತ್ತದೆ. ಸಂಬಳ ಕೈಗೆ ಬರುವ ಮೊದಲೇ ಶೇ. 12 ಕಡಿತ ಆಗುತ್ತದೆ. ಬೇಡ ಅನ್ನುವ ಹಕ್ಕು ನಿಮಗಿಲ್ಲ. ಬೇಕಾದಾಗ ಬೇಕಾದಷ್ಟು ತೆಗೆಯುವ ಹಕ್ಕೂ ಇಲ್ಲ. ದೇವಬಂದ್‌ನ ದಾರುಲ್ ಉಲೂಂ ಪರಂಪರೆಯ ಹನಫಿ ಮುಫ್ತಿಗಳು ಇದನ್ನು ಇನ್ನೂ ಕೈಗೆ ಬಾರದ ಕೂಲಿ ಎಂದು ನೋಡುತ್ತಾರೆ. ಹಾಗಾಗಿ ಸಿಗುವವರೆಗೆ ಝಕಾತ್ ಇಲ್ಲ, ಸಿಕ್ಕ ಮೇಲೆ ಹಿಂದಿನ ವರ್ಷಗಳಿಗೂ ಇಲ್ಲ, ಅಲ್ಲಿಂದ ಮುಂದಕ್ಕೆ ಮಾತ್ರ. ನಿಮ್ಮ 11 ಲಕ್ಷ ಈ ವರ್ಷದ ಲೆಕ್ಕದಲ್ಲಿ ಇಲ್ಲ. ಪಿಪಿಎಫ್ ಕಥೆ ಬೇರೆ. ಅದಕ್ಕೆ ಯಾರೂ ನಿಮ್ಮನ್ನು ಬಲವಂತ ಮಾಡಿಲ್ಲ. ಕೈಯಲ್ಲಿದ್ದ ದುಡ್ಡನ್ನು ನೀವೇ ಹೋಗಿ ಕಟ್ಟಿದ್ದೀರಿ, 15 ವರ್ಷದ ಬೀಗವನ್ನು ನೀವೇ ಒಪ್ಪಿದ್ದೀರಿ. ಆ ದುಡ್ಡು ನಿಮ್ಮ ಒಡೆತನದಲ್ಲೇ ಇದೆ ಅಂತ ಪ್ರತಿ ವರ್ಷ ಎಣಿಸುವುದು ನನಗೆ ಸರಿ ಅನ್ನಿಸುತ್ತದೆ. 90,000 ಸೇರಿಸಿ, ಅದರ ಬಡ್ಡಿ ಸೇರಿಸಬೇಡಿ. ಪಿಎಫ್‌ಗೆ ಕಡ್ಡಾಯಕ್ಕಿಂತ ಜಾಸ್ತಿ ಕಟ್ಟುವವರೂ ಆ ಜಾಸ್ತಿ ಭಾಗವನ್ನು ಹೀಗೇ ನೋಡಬೇಕು.

ಸಾಲಕ್ಕೆ ಬರೋಣ. ಹನಫಿಗಳಲ್ಲಿ ಸಾಲ ಕಳೆಯಬಹುದು. ಆದರೆ ಇಪ್ಪತ್ತು ವರ್ಷದ ಫ್ಲ್ಯಾಟ್ ಸಾಲವನ್ನು ಪೂರ್ತಿ ಕಳೆದರೆ ಬೆಂಗಳೂರಿನ ಅರ್ಧ ಜನ ಝಕಾತ್ ಪಡೆಯುವವರ ಸಾಲಿನಲ್ಲಿ ನಿಲ್ಲುತ್ತಾರೆ. ಅದಕ್ಕೇ ಈಗಿನ ಉಲಮಾಗಳು ಈಗ ಕಟ್ಟಬೇಕಾಗಿ ಬಂದ ಕಂತನ್ನು ಮಾತ್ರ ಕಳೆಯಿರಿ ಅನ್ನುತ್ತಾರೆ. ಕೆಲವರು ಮುಂದಿನ ಒಂದು ವರ್ಷದ ಕಂತಿನವರೆಗೆ ಬಿಡುತ್ತಾರೆ. ನಾನು ಮೊದಲನೆಯದನ್ನು ಹಿಡಿದು ಈ ತಿಂಗಳ ಅಸಲು 14,000 ಕಳೆಯುತ್ತೇನೆ. ಆ ಸಾಲದ ಬಡ್ಡಿಯ ವಿಷಯ ನೀವು ಕೇಳಿಲ್ಲ, ನಾನೂ ಕೆದಕುವುದಿಲ್ಲ.

ಈಗ ಕೂಡಿ. ಬ್ಯಾಂಕು 2,34,000. ಕೊಂಡು ಮಾರುವ ಷೇರು 80,000. ಇಟ್ಟ ಷೇರಿನಿಂದ 1,50,000. ಫಂಡಿನಿಂದ 1,00,000. ಪಿಪಿಎಫ್ 90,000. ಬಾಂಡ್ 1,20,000. ಬಿಟ್‌ಕಾಯಿನ್ 40,000. ಒಟ್ಟು 8,14,000. ಕಂತಿನ ಅಸಲು ಕಳೆದರೆ 8 ಲಕ್ಷ. ನಿಮ್ಮ ಝಕಾತ್ 20,000 ರೂಪಾಯಿ. ಷೇರು, ಫಂಡು ಎರಡನ್ನೂ ಪೂರ್ತಿ ಬೆಲೆಗೆ ಹಿಡಿದಿದ್ದರೆ 38,750 ಆಗುತ್ತಿತ್ತು. ಹುಷಾರಿಗೆ ಅಷ್ಟೇ ಕೊಡುತ್ತೇನೆ ಅನ್ನುವ ಮನಸ್ಸು ಬಂದರೆ ಯಾರೂ ತಡೆಯುವುದಿಲ್ಲ.

ಸೈಟು ಇದರಲ್ಲಿ ಇಲ್ಲ, ಗಮನಿಸಿದಿರಾ? ಯಾಕೆ ಕೊಂಡಿರಿ ಅಂತ ನೀವು ಬರೆದಿಲ್ಲ. ಬೆಲೆ ಏರಿದ ಮೇಲೆ ಮಾರೋಣ ಅಂತಲೇ ಕೊಂಡಿದ್ದರೆ ಅದು ಹಮ್ಮಾಸನ ಚರ್ಮ. ಪ್ರತಿ ವರ್ಷ ಇವತ್ತಿನ ಬೆಲೆಗೆ ಝಕಾತ್. ಮನೆ ಕಟ್ಟಲು, ಮಕ್ಕಳಿಗೆ ಇರಲಿ ಅಂತ, ಅಥವಾ ‘ಇರಲಿ ಬಿಡು, ಮುಂದೆ ನೋಡೋಣ’ ಅಂತ ಕೊಂಡಿದ್ದರೆ ಇಲ್ಲ. ಕೊಂಡ ಹೊತ್ತಿನ ನಿಯ್ಯತ್ (ಉದ್ದೇಶ) ಖಚಿತವಾಗಿ ಮಾರಾಟದ್ದೇ ಆಗಿರಬೇಕು. ಮನೆ ಕಟ್ಟಲು ಕೊಂಡು ಈಗ ಮಾರುವ ಮನಸ್ಸಾಗಿದೆ ಅಂದರೂ ಬರೀ ಮನಸ್ಸಿನಿಂದ ಅದು ವ್ಯಾಪಾರದ ಮಾಲು ಆಗುವುದಿಲ್ಲ. ಮಾರಿ ದುಡ್ಡು ಕೈಗೆ ಬರಬೇಕು. ಇದರಲ್ಲಿ ಹನಫಿ, ಶಾಫಿಈ ಇಬ್ಬರೂ ಒಂದೇ. ಮಾರಲೆಂದೇ ಕೊಂಡವರು ಬೆಲೆ ಕಟ್ಟುವಾಗ ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಹಿಡಿಯಬೇಡಿ. ಇವತ್ತು ಗಿರಾಕಿ ಬಂದರೆ ಎಷ್ಟಕ್ಕೆ ಬಿಡುತ್ತೀರೋ ಅದೇ ಬೆಲೆ. ಸೈಟಿದೆ, ಕೈಯಲ್ಲಿ ಕಾಸಿಲ್ಲ ಅನ್ನುವವರಿಗೆ ಮಾಲಿಕೀ ಮದ್‌ಹಬ್‌ನಲ್ಲಿ ಒಂದು ದಾರಿ ಇದೆ. ಬೆಲೆ ಏರಲಿ ಅಂತ ಕಾದು ಕೂತ ಮಾಲಿಗೆ, ಮಾರಿದಾಗ ಒಂದು ವರ್ಷದ ಝಕಾತ್ ಕೊಟ್ಟರೆ ಸಾಕು. ಬೇಕಿದ್ದರೆ ನಿಮ್ಮ ಮುಫ್ತಿಯವರನ್ನು ಕೇಳಿ ಹಿಡಿಯಿರಿ, ನೀವೇ ಆರಿಸಿಕೊಳ್ಳಬೇಡಿ. ಸಾಲ ಕಳೆಯುವಾಗ ಹನಫಿ, ಒಡವೆಗೆ ಶಾಫಿಈ, ಸೈಟಿಗೆ ಮಾಲಿಕೀ ಅಂತ ಒಂದೇ ಮನುಷ್ಯ ಮೂರು ಅವತಾರ ತಾಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ!

ಒಡವೆ ಅಂದ ಕೂಡಲೇ ನಿಮ್ಮ ಮನೆಯವರ ವಿಷಯ. 20 ಪವನ್ ಅಂದರೆ 160 ಗ್ರಾಂ. ಅದು ಅವರ ಆಸ್ತಿ, ನಿಮ್ಮ ಪಟ್ಟಿಗೆ ಸೇರಿಸಬೇಡಿ. ಝಕಾತ್ ಒಬ್ಬೊಬ್ಬರ ಆಸ್ತಿಗೆ, ಮನೆಗೆ ಒಟ್ಟಾಗಿ ಅಲ್ಲ. ಅವರು ಹನಫಿ ಆಗಿದ್ದರೆ 4 ಗ್ರಾಂ ಬಂಗಾರದ ಬೆಲೆ ಕೊಡಬೇಕಿತ್ತು. ಶಾಫಿಈ ಮದ್‌ಹಬ್‌ನಲ್ಲಿ ಹೆಣ್ಣುಮಕ್ಕಳು ತೊಡುವ ಒಡವೆಗೆ, ಮಿತಿ ಮೀರದಿದ್ದರೆ, ಝಕಾತ್ ಇಲ್ಲ. ಭಟ್ಕಳದ ನವಾಯತರಲ್ಲೂ ಕರಾವಳಿಯ ಬ್ಯಾರಿಗಳಲ್ಲೂ ಇದೇ ರೂಢಿ. ಮದುವೆಯಾಗಿ ಹುಬ್ಬಳ್ಳಿ ಮನೆಗೆ ಬಂದ ಮಾತ್ರಕ್ಕೆ ಅವರ ಮದ್‌ಹಬ್ ಬದಲಾಗುವುದಿಲ್ಲ, ಅತ್ತೆಯವರಿಗೆ ಇದನ್ನು ಹೇಳುವ ಕೆಲಸ ನಿಮ್ಮದು. ಆದರೆ ತೊಡಲು ಅಲ್ಲದೆ ಕೂಡಿಡಲೆಂದು ಕೊಂಡ ನಾಣ್ಯ, ಬಿಸ್ಕತ್ತು ಇದ್ದರೆ ಆ ವಿನಾಯಿತಿ ಇಲ್ಲ. ಅವರ ಹೆಸರಿನಲ್ಲಿ ಸಾಲ ಇದ್ದರೆ ಅದನ್ನು ಕಳೆಯುವ ಹಾಗೂ ಇಲ್ಲ, ಶಾಫಿಈಗಳ ಪ್ರಬಲ ಅಭಿಪ್ರಾಯದಲ್ಲಿ ಸಾಲ ಝಕಾತಿಗೆ ಅಡ್ಡಿಯಲ್ಲ. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ.

ದಿನಾಂಕದ ಬಗ್ಗೆ ಒಂದು ಮಾತು. ನನ್ನ ಡಿಮ್ಯಾಟ್ ಸ್ಟೇಟ್‌ಮೆಂಟ್ ಮಾರ್ಚ್ 31ರದ್ದು, ಅದಕ್ಕೇ ಆ ದಿನಕ್ಕೆ ಲೆಕ್ಕ ಮಾಡಿದೆ ಅನ್ನುವವರು ತುಂಬಾ. ಝಕಾತಿನ ವರ್ಷ ಚಾಂದ್ರ ವರ್ಷ, ಸುಮಾರು 11 ದಿನ ಚಿಕ್ಕದು. ಮಾರ್ಚಿಗೇ ಅಂಟಿಕೊಂಡರೆ 33 ವರ್ಷದಲ್ಲಿ ಒಂದು ವರ್ಷದ ಝಕಾತ್ ನುಂಗಿದ ಹಾಗಾಗುತ್ತದೆ. ಮಾರ್ಚೇ ಬೇಕು ಅಂದರೆ ಶೇ. 2.5ರ ಬದಲು ಶೇ. 2.577ರಂತೆ ಕೊಡಿ. ಇಲ್ಲದಿದ್ದರೆ ರಮಝಾನಿನ ಒಂದು ದಿನ ಗೊತ್ತುಮಾಡಿ ಆ ದಿನದ ಬೆಲೆ ಬರೆದಿಡಿ. ಷೇರು ಅವತ್ತು ಬಿದ್ದಿದ್ದರೆ ಬಿದ್ದ ಬೆಲೆ, ಏರಿದ್ದರೆ ಏರಿದ ಬೆಲೆ.

ಇನ್ನು ಆ 3 ಲಕ್ಷ. ಇದನ್ನು ನೀವು ಕೊನೆಗೆ ಬರೆದಿದ್ದೀರಿ, ಬೆಂಗಳೂರಿನಲ್ಲಿ ಹೀಗೆ ಕಳಕೊಂಡವರು ಎಲ್ಲರೂ ಕೊನೆಗೇ ಹೇಳುತ್ತಾರೆ. ಇದಕ್ಕೂ ಹಳೆಯ ಉದಾಹರಣೆ ಇದೆ. ಯಾರೋ ಅಧಿಕಾರಿ ಅನ್ಯಾಯವಾಗಿ ಕಿತ್ತುಕೊಂಡ ಆಸ್ತಿಯನ್ನು ಒಡೆಯನಿಗೆ ವಾಪಸ್ ಕೊಡಿಸಿ, ಕಳೆದ ಎಲ್ಲಾ ವರ್ಷಗಳ ಝಕಾತ್ ವಸೂಲು ಮಾಡಿ ಅಂತ ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್ ಪತ್ರ ಬರೆದರು. ಆಮೇಲೆ ಬೆನ್ನಿಗೇ ಇನ್ನೊಂದು ಪತ್ರ ಕಳಿಸಿದರು. ಬೇಡ, ಒಂದು ವರ್ಷದ್ದು ಮಾತ್ರ ತಗೊಳ್ಳಿ, ಅದು ‘ಝಿಮಾರ್’ ಆಗಿತ್ತು, ಅಂದರೆ ಸಿಗುವ ಆಸೆಯೇ ಇಲ್ಲದ ದುಡ್ಡು. ಇಮಾಮ್ ಮಾಲಿಕ್ ಈ ಎರಡೂ ಪತ್ರಗಳ ವಿಷಯವನ್ನು ದಾಖಲಿಸಿದ್ದಾರೆ. ಮಾಲಿಕೀಗಳು ಇದೇ ಒಂದು ವರ್ಷ ಹಿಡಿದರು. ಶಾಫಿಈಗಳು ವಾಪಸ್ ಸಿಕ್ಕರೆ ಹಿಂದಿನ ವರ್ಷಗಳಿಗೂ ಕೊಡಬೇಕು ಅನ್ನುತ್ತಾರೆ. ಹನಫಿಗಳಲ್ಲಿ ಹಿಂದಿನದು ಏನೂ ಇಲ್ಲ. ನೀವು ಹನಫಿ. ಹಾಗಾಗಿ ಮುಳುಗಿರುವ 2,60,000ಕ್ಕೆ ಝಕಾತ್ ಇಲ್ಲ. ಬಂದ 40,000 ಬ್ಯಾಂಕಿನ ಮೊತ್ತದಲ್ಲಿ ಈಗಾಗಲೇ ಸೇರಿದೆ, ಮತ್ತೆ ಎಣಿಸಬೇಡಿ. ಆ ಕಂಪನಿ ಮುಳುಗುವ ಮೊದಲು ಕೊಟ್ಟ ‘ಲಾಭ’ದ ದುಡ್ಡಿಗೆ ಬೇರೆ ಲೆಕ್ಕ ಇದೆ. ಎಷ್ಟು ಬಂದಿತ್ತು, ನಿಜವಾದ ವ್ಯಾಪಾರದಿಂದ ಬಂದಿತ್ತೋ ಅಥವಾ ಹೊಸಬರ ದುಡ್ಡನ್ನೇ ಹಳಬರಿಗೆ ಹಂಚಿದ್ದೋ ಅಂತ ಗೊತ್ತಿದ್ದರೆ ಬರೆಯಿರಿ. ಹಾಗೇ, 2018ರಲ್ಲಿ ಆ ಸೈಟಿನ ಅಡ್ವಾನ್ಸ್ ಕೊಟ್ಟು ಮನೆಗೆ ಬಂದ ಸಂಜೆ ಹೆಂಡತಿಗೆ ಏನಂತ ಹೇಳಿದ್ದಿರಿ ಅಂತಲೂ ನೆನಪು ಮಾಡಿಕೊಳ್ಳಿ. ನಿಮಗೆ ಮರೆತಿದ್ದರೂ ಅವರಿಗೆ ನೆನಪಿರುತ್ತದೆ.